ಐದು ಮೆಟ್ಟಿಲು, ನಾಲ್ಕು ಬಕೆಟ್ ಬಿಸಿನೀರು

ಕೆನಡಾದ ಸ್ಟೌಫ್‌ವಿಲ್‌ನ ನಮ್ಮ ಹಳೇ ಮನೆಯ ಮುಂದೆ ಮರದ ಮೆಟ್ಟಿಲುಗಳಿವೆ. ಐದೇ ಐದು. ಹಾಗಾಗಿ ಸಂಕ್ರಾಂತಿಯ ಹಿಂದಿನ ದಿನ ಹೆಂಡತಿ ನೀಲಾ, "ರೀ, ನಾಳೆ ಅಕ್ಕಾರ ಬರ್ತಾರ. ಮೆಟ್ಟಲದ ಮ್ಯಾಲಿನ ಐಸ್ ತೆಗೀರಿ" ಎಂದಾಗ ನಾನು ಟಿವಿಯಿಂದ ಕಣ್ಣು ತೆಗೆಯದೆ, "ಅರ್ಧಾ ತಾಸಿನ ಕೆಲಸ" ಎಂದೆ.

ಅರ್ಧ ತಾಸು! ಆ ಮಾತನ್ನು ನಮ್ಮ ಮನೆಯಲ್ಲಿ ಇವತ್ತಿಗೂ ಯಾರೂ ಮರೆತಿಲ್ಲ.

ಅಕ್ಕ ಎಂದರೆ ನನ್ನ ಗಂಗಕ್ಕ. ನನಗಿಂತ ಹನ್ನೊಂದು ವರ್ಷ ದೊಡ್ಡವಳು, ಹತ್ತಿರದ ನ್ಯೂಮಾರ್ಕೆಟ್ ಊರಿನಲ್ಲಿ ಮಗಳ ಮನೆಯಲ್ಲಿರುತ್ತಾಳೆ. ಹುಬ್ಬಳ್ಳಿಯಲ್ಲಿ ಅವ್ವ ಸಂಕ್ರಾಂತಿಗೆ ಕುಸುರೆಳ್ಳು ಮಾಡುತ್ತಿದ್ದಳು. ಸಣ್ಣ ಉರಿಯ ಮೇಲೆ ಪರಾತವೆಂಬ ಅಗಲ ತಟ್ಟೆ ಇಟ್ಟು, ಎಳ್ಳು ಹಾಕಿ, ಸಕ್ಕರೆ ಪಾಕವನ್ನು ಹನಿಹನಿಯಾಗಿ ಬಿಡುತ್ತ ಬೆರಳಿನಿಂದ ಆಡಿಸುತ್ತಲೇ ಇರಬೇಕು, ಒಂದೊಂದು ಕಾಳಿಗೂ ಸಣ್ಣ ಬಿಳಿ ಮುಳ್ಳು ಮೂಡುವ ತನಕ. ಎರಡು ಮೂರು ದಿನದ ಕೆಲಸ. ಅವ್ವನ ನಂತರ ನಮ್ಮಲ್ಲಿ ಅದು ಬರುವುದು ಗಂಗಕ್ಕನಿಗೆ ಮಾತ್ರ. ವರ್ಷಕ್ಕೊಮ್ಮೆ ಅವಳು ಸ್ಟೀಲ್ ಡಬ್ಬಿ ತುಂಬಿಕೊಂಡು ಬರುತ್ತಾಳೆ. ನನಗೆ ಹುಬ್ಬಳ್ಳಿಯ ಹಬ್ಬ ಬರುವುದೇ ಆ ಡಬ್ಬಿಯಲ್ಲಿ.

ಹೋದ ವರ್ಷ ಅವಳು ನಮ್ಮ ಮೂರನೇ ಮೆಟ್ಟಿಲಲ್ಲಿ ಜಾರಿದಳು. ಪಕ್ಕದ ಕಂಬಿ ಹಿಡಿದು ತಾನು ಉಳಿದಳು, ಡಬ್ಬಿ ಉಳಿಯಲಿಲ್ಲ. ಬಿಳಿ ಕುಸುರೆಳ್ಳು ಬಿಳಿ ಹಿಮದಲ್ಲಿ ಚೆಲ್ಲಿಹೋಯಿತು. ನಾನು ಮಂಡಿಯೂರಿ ಹುಡುಕಿದೆ. ಸಿಕ್ಕಿತೆಂದು ಒಂದು ಮುಷ್ಟಿ ಬಾಯಿಗೂ ಹಾಕಿಕೊಂಡೆ. ಹಿಮ!

ಬೇಸಿಗೆಯಲ್ಲಿ ಅಕ್ಕನ ಮೊಣಕಾಲಿನ ಆಪರೇಶನ್ ಆಯಿತು. ಆಮೇಲೆ ಫೋನಿನಲ್ಲಿ ಹೇಳಿದಳು: "ಬಸು, ಹೊಸಾ ಮೊಣಕಾಲ ಹಾಕಿಸೀನಿ. ಸಂಕ್ರಮಣಕ್ಕ ಬರ್ತೀನಿ. ನಿನ್ನ ಮೆಟ್ಟಲ ಈ ಸಲಾನೂ ಹಂಗ ಇದ್ರ, ಮತ್ತ ನಿಮ್ಮನಿ ಕಡೆ ಹಾಯಂಗಿಲ್ಲ ನೋಡು." ಅಕ್ಕ ಹೇಳಿದರೆ ಹೇಳಿದ ಹಾಗೆ. ಒಬ್ಬರ ಮನೆಯಲ್ಲಿ ಆರಿದ ಚಹಾ ಕೊಟ್ಟರೆಂದು ಇಪ್ಪತ್ತು ವರ್ಷ ಆ ಮನೆಯ ನೀರೂ ಮುಟ್ಟದವಳು. ಹಿಂಬಾಗಿಲಿನಿಂದ ಕರೆದುಕೊಳ್ಳೋಣವೆಂದರೆ ಅದು ಡಿಸೆಂಬರಿನಲ್ಲೇ ಹಿಮದಲ್ಲಿ ಹೂತುಹೋಗಿತ್ತು.

"ಕಟ್ಟಿಗಿ ಮೆಟ್ಟಲಕ್ಕ ಪ್ಲಾಸ್ಟಿಕ್ ಸಲಿಕೀನ ಬೇಕಂತ" ಎಂದಳು ನೀಲಾ. "ಐಸಿಗೆ ಹಾಕೋ ಉಪ್ಪು ಆಗಿಹೋಗೇತಿ. ಅದನ್ನೂ ತಗೊಂಡು ಬರ್ರಿ."

"ಪ್ಲಾಸ್ಟಿಕ್ ಚಮಚದ್ಲೆ ಯಾರರ ಬಾವಿ ತೋಡ್ತಾರೇನ?" ಎಂದು ನಾನು ಕಬ್ಬಿಣದ ಸಲಿಕೆ ಎತ್ತಿಕೊಂಡು ಹೊರಬಿದ್ದೆ. ಮೊದಲ ಏಟು ನಾಲ್ಕನೇ ಮೆಟ್ಟಿಲಿಗೆ ಬಿತ್ತು. ಐಸು ಇದ್ದ ಹಾಗೇ ಇತ್ತು. ಮೆಟ್ಟಿಲಿನ ಅಂಚು ಗೇಣುದ್ದ ಕಿತ್ತುಬಂತು. ಕಿಟಕಿಯಲ್ಲಿ ನೀಲಾ ಇಲ್ಲದ್ದನ್ನು ಖಾತ್ರಿ ಮಾಡಿಕೊಂಡು, ತುಂಡನ್ನು ಅದರ ಜಾಗದಲ್ಲೇ ಕೂರಿಸಿ, ಮೇಲೆ ಒಂದು ಲೋಟ ನೀರು ಬಿಟ್ಟೆ. ಮೈನಸ್ ಹನ್ನೆರಡು ಡಿಗ್ರಿ. ಐದು ನಿಮಿಷದಲ್ಲಿ ಅದು ಕಲ್ಲಿನ ಹಾಗೆ ಅಂಟಿಕೊಂಡಿತು. ನನ್ನ ಜೀವಮಾನದ ರಿಪೇರಿಗಳಲ್ಲಿ ಗಟ್ಟಿಯಾಗಿ ನಿಂತದ್ದು ಇದೊಂದೇ. ಉಳಿದ ಐಸನ್ನು ನಾಳೆ ನೋಡೋಣವೆಂದು ಒಳಗೆ ಬಂದೆ. ಈ ಚಳಿಯಲ್ಲಿ ನೀರು ಬಿಟ್ಟರೆ ಏನಾಗುತ್ತದೆ ಎಂಬುದನ್ನು ಹೀಗೆ ಸ್ವತಃ ಪ್ರಯೋಗ ಮಾಡಿ ತಿಳಿದುಕೊಂಡ ನಾನು, ಮರುದಿನ ಬೆಳಿಗ್ಗೆಯ ಹೊತ್ತಿಗೆ ಅದನ್ನು ಸಂಪೂರ್ಣವಾಗಿ ಮರೆತಿದ್ದೆ.

ಮರೆಯಲು ಅವ್ವನೇ ಕಾರಣ. ಹಬ್ಬದ ದಿನ ಎದ್ದ ಕೂಡಲೇ ಅವಳ ನೆನಪಾಯಿತು. ಹುಬ್ಬಳ್ಳಿಯಲ್ಲಿ ಸಂಕ್ರಾಂತಿಯ ಬೆಳಿಗ್ಗೆ ಅವ್ವ ಬಚ್ಚಲದ ಹಂಡೆಯಿಂದ ಬಿಸಿನೀರು ತೋಡಿ ಹೊಸ್ತಿಲಿಗೂ ಮೆಟ್ಟಿಲಿಗೂ ಹೊಡೆಯುತ್ತಿದ್ದಳು. ಕಲ್ಲಿನ ಮೇಲಿಂದ ಹಬೆ ಏಳುತ್ತಿತ್ತು, ನಾವು ಹುಡುಗರು ಬರಿಗಾಲಿನಲ್ಲಿ ಆ ಬೆಚ್ಚಗಿನ ಕಲ್ಲಿನ ಮೇಲೆ ನಿಲ್ಲಲು ಓಡಿಬರುತ್ತಿದ್ದೆವು. ಗಂಗಕ್ಕ ರಂಗೋಲಿ ಡಬ್ಬಿ ಹಿಡಿದು, "ಸರೀರಿ, ತುಳೀಬ್ಯಾಡ್ರಿ" ಎಂದು ಎಲ್ಲರನ್ನೂ ಗದರಿಸುತ್ತಿದ್ದಳು. ಬಾಗಿಲು ತೊಳೆಯದೆ ಎಂಥ ಹಬ್ಬ? ಬಾಗಿಲೂ ತೊಳೆದ ಹಾಗಾಯಿತು, ಐಸೂ ಕರಗಿದ ಹಾಗಾಯಿತು! ಇಷ್ಟು ವರ್ಷ ಕೆನಡಾದ ಜನರಿಗೆ ಇದು ಹೊಳೆಯದೆ ಹೋಯಿತಲ್ಲ ಎಂದು ಮರುಕಪಟ್ಟೆ.

ಬಾತ್‌ರೂಮಿನಿಂದ ನಾಲ್ಕು ಬಕೆಟ್ ಬಿಸಿನೀರು ತಂದು ಸುರಿದೆ. ಹಬೆ ಎದ್ದಿತು. ಐಸು ಪಚಪಚನೆ ಕರಗಿ ಇಳಿಯಿತು, ಕೆಳಗಿಂದ ಮರದ ಬಣ್ಣ ಕಂಡಿತು. ನೀಲಾಳನ್ನು ಕರೆದೆ. ಅವಳು ಶಾಲು ಹೊದ್ದು ಬಂದು ಬಾಗಿಲಲ್ಲಿ ನಿಂತಳು.

"ಊರಾಗ ಇದ್ದಂಗ ಆತು ನೋಡ್ರಿ" ಎಂದಳು.

ಇಬ್ಬರೂ ಆ ಹಬೆ ನೋಡುತ್ತ ನಿಂತೆವು. ಆಮೇಲೆ ಚಹಾ ಕುಡಿಯಲು ಒಳಗೆ ಹೋದೆವು. ಅಲ್ಲೇ ತಪ್ಪಾದದ್ದು.

ಚಹಾ ಮುಗಿಸಿ ಬಂದು ನೋಡಿದರೆ ಮೆಟ್ಟಿಲುಗಳ ಮೇಲೆ ಗಾಜು ಹಾಕಿದಂತಿತ್ತು. ಬಾಗಿಲ ತೋರಣ ತೀರಾ ಮೇಲಿನ ಮೆಟ್ಟಿಲಲ್ಲಿ ಸ್ಪಷ್ಟವಾಗಿ ಕಾಣುತ್ತಿತ್ತು. ಅದರ ಪಕ್ಕದಲ್ಲಿ ನನ್ನ ಮುಖವೂ ಕಂಡಿತು. ನೋಡುವಂತಿರಲಿಲ್ಲ.

ಅಕ್ಕ ಟ್ಯಾಕ್ಸಿ ಹತ್ತಿದ್ದೇನೆಂದು ಆಗಲೇ ಫೋನ್ ಮಾಡಿದ್ದಳು. ಅಂಗಡಿಗೆ ಹೋಗಿ ಉಪ್ಪು ತರಲು ಸಮಯವಿರಲಿಲ್ಲ. ಆದರೆ ನಾನು ಧೃತಿಗೆಡಲಿಲ್ಲ. ಬಾಸ್ಮತಿ ಅಕ್ಕಿ ಬರುತ್ತದಲ್ಲ, ಜಿಪ್ಪು, ಹಿಡಿಕೆ ಎಲ್ಲ ಇರುವ ಗೋಣಿಚೀಲ, ಅವನ್ನು ನೀಲಾ ಒಂದನ್ನೂ ಎಸೆಯದೆ ಬೇಸ್‌ಮೆಂಟಿನಲ್ಲಿ ಇಟ್ಟಿದ್ದಳು. ಐದು ತಂದು, ಬಾಗಿಲಲ್ಲಿ ಕೂತು, ಕೋಲಿನಿಂದ ನೂಕಿ ಮೆಟ್ಟಿಲಿಗೊಂದರಂತೆ ಹಾಸಿದೆ.

"ಅವು ನಿಲ್ತಾವೇನ್ರಿ?" ಎಂದಳು ನೀಲಾ.

"ಗೋಣಿ ಜಾರೂದು ಎಲ್ಲರ ನೋಡೀಯೇನ? ನೋಡಿಲ್ಲಿ" ಎಂದು ಮೊದಲನೆಯದರ ಮೇಲೆ ಕಾಲಿಟ್ಟೆ.

ಗೋಣಿ ಹೊರಟಿತು. ನಾನೂ ಹೊರಟೆ. ಐದು ಮೆಟ್ಟಿಲುಗಳನ್ನು ಒಂದೇ ಮೆಟ್ಟಿಲೆಂಬಂತೆ ಇಳಿದು, ಐದೂ ಚೀಲಗಳ ಸಮೇತ ಹಿಮದ ಗುಡ್ಡೆಯಲ್ಲಿ ಕೂತೆ. ಸರಿಯಾಗಿ ಆಗಲೇ ಟ್ಯಾಕ್ಸಿ ಬಂದು ನಿಂತಿತು.

ಪಂಜಾಬಿ ಡ್ರೈವರ್ ಗಾಜು ಇಳಿಸಿ, "ಭಾಯಿಸಾಬ್, ಠೀಕ್ ಹೋ?" ಎಂದ. ಹಿಂದಿನ ಸೀಟಿನಲ್ಲಿ ಗಂಗಕ್ಕ. ಈ ಸಲ ಡಬ್ಬಿಯನ್ನು ಬಟ್ಟೆಯಲ್ಲಿ ಕಟ್ಟಿ ಕೈಗೆ ಗಂಟು ಹಾಕಿಕೊಂಡಿದ್ದಳು.

ಎದ್ದು ಮೆಟ್ಟಿಲ ಮೇಲೆ ಕಾಲಿಟ್ಟೆ, ವಾಪಸ್ ಬಂದೆ. ಮತ್ತೆ ಇಟ್ಟೆ, ಮತ್ತೆ ಬಂದೆ. ಪಕ್ಕದ ಕಂಬಿಗೂ ಐಸು ಹಿಡಿದು ಕೈ ನಿಲ್ಲುತ್ತಿರಲಿಲ್ಲ. ನೀಲಾ ಮೇಲಿಂದ ಇಳಿಯುವಂತಿಲ್ಲ, ನಾನು ಕೆಳಗಿಂದ ಹತ್ತುವಂತಿಲ್ಲ. ಡ್ರೈವರ್ ಅಕ್ಕನ ಕಡೆ ತಿರುಗಿ, "ಮಾತಾಜಿ, ವಾಪಸ್ ಚಲೇಂ?" ಎಂದು ಕೇಳಿದ.

ನನಗೆ ನಿಜವಾಗಿ ಹೆದರಿಕೆಯಾಯಿತು. ಅಕ್ಕ ಹೂಂ ಎಂದರೆ ಈ ಹಬ್ಬವೊಂದೇ ಅಲ್ಲ, ಮುಂದಿನವೂ ಹೋದವು. ಮೊಮ್ಮಕ್ಕಳನ್ನು ಎತ್ತುವ ವಯಸ್ಸಿನಲ್ಲಿ ನಾನು ಹಿಮದಲ್ಲಿ ನಿಂತು ಅಳುವಂತಾದೆ.

"ಬಸು, ನೀರ ಹಾಕಿದೇನ?" ಎಂದಳು ಅಕ್ಕ.

"ಹೂಂ. ಹಬ್ಬದ ದಿನಾ ಅವ್ವ ಹಾಕ್ತಿದ್ಲಲ್ಲ."

"ಅವ್ವ ಹುಬ್ಬಳ್ಳ್ಯಾಗ ಹಾಕ್ತಿದ್ಲೋ ಹುಚ್ಚಪ್ಪಾ" ಎಂದಳು ಅಕ್ಕ. ಆಮೇಲೆ ಅವಳಿಗೆ ನಗು ಬಂತು. ಡಬ್ಬಿಯೂ ಅಲುಗುವಷ್ಟು ನಕ್ಕಳು. ಕಣ್ಣು ಒರೆಸಿಕೊಂಡು ಕೂಗಿದಳು, "ನೀಲಾ, ರಂಗೋಲಿ ಪುಡಿ ಐತೇನು?"

ಇತ್ತು. ಹುಬ್ಬಳ್ಳಿಯಿಂದ ತಂದ, ಉಸುಕಿನಂಥ ತರಿತರಿ ಕಲ್ಲಿನ ಪುಡಿ.

"ಎಳಿ ಎಳೀಬ್ಯಾಡ, ಸುಮ್ನ ಮುಷ್ಟಿ ತುಂಬ ಚೆಲ್ಲು. ಬಚ್ಚಲದಾಗ ಜಾರ್ತಿತ್ತಂದ್ರ ನಾವು ಬೂದಿ ಚೆಲ್ತಿದ್ದಿಲ್ಲೇನು, ಹಂಗ."

ನೀಲಾ ಬಾಗಿಲಲ್ಲಿ ಕೂತು ಒಂದು ಮುಷ್ಟಿ ಚೆಲ್ಲಿ, ಕಾಲಿಟ್ಟು ನೋಡಿ, ಕೆಳಗಿನದಕ್ಕೆ ಇನ್ನೊಂದು ಮುಷ್ಟಿ ಚೆಲ್ಲಿ, ಹಾಗೇ ಐದೂ ಮೆಟ್ಟಿಲು ಇಳಿದು ಬಂದಳು. ಪುಡಿ ಹಿಡಿದುಕೊಂಡಿತ್ತು.

ಅಕ್ಕ ಕಾರಿನಿಂದ ಇಳಿದು ನನ್ನ ಹೆಗಲ ಮೇಲೆ ಕೈಯಿಟ್ಟಳು. ಹುಬ್ಬಳ್ಳಿಯ ಮನೆಯಲ್ಲಿ ಮಾಳಿಗೆಗೆ ಹೋಗಲು ಮರದ ಮೆಟ್ಟಿಲುಗಳಿದ್ದವು. ನಾನು ಎಣಿಕೆ ಕಲಿತದ್ದು ಅವುಗಳ ಮೇಲೆ, ಗಂಗಕ್ಕನ ಕೈ ಹಿಡಿದು.

"ಎಣಸು" ಎಂದಳು.

"ಒಂದು. ಎರಡು."

ಮೂರನೆಯದರ ಎದುರು ಅವಳ ಬೆರಳು ನನ್ನ ಹೆಗಲಲ್ಲಿ ಬಿಗಿಯಾಯಿತು. ನಾನೂ ನಿಂತೆ. "ಮೂರು" ಎಂದು ಅವಳೇ ಹೇಳಿ ಕಾಲಿಟ್ಟಳು. ನಾಲ್ಕನೆಯದರ ಹತ್ತಿರ ಬಗ್ಗಿ ನೋಡಿದಳು. ಬಿಸಿನೀರಿಗೆ ನನ್ನ ರಿಪೇರಿ ಕರಗಿ, ಅಂಚಿನ ತುಂಡು ಪಕ್ಕದಲ್ಲಿ ಬಿದ್ದಿತ್ತು.

"ಇದೇನಿದು?" ಎಂದಳು ಹಿಂದಿನಿಂದ ನೀಲಾ.

"ನಾಲ್ಕು" ಎಂದೆ ನಾನು.

ಎಳ್ಳು ಕೊಟ್ಟಮೇಲೆ ಸಿಹಿ ಮಾತನ್ನೇ ಆಡಬೇಕೆಂಬುದು ನಮ್ಮ ಹಬ್ಬದ ಪದ್ಧತಿ. ಆದ್ದರಿಂದ ಅಕ್ಕ, ನೀಲಾ ಇಬ್ಬರೂ ಬಯ್ಯುವುದನ್ನೆಲ್ಲ ಬಾಗಿಲಲ್ಲೇ ಬಯ್ದು ಮುಗಿಸಿ, ಆಮೇಲೆ ಡಬ್ಬಿಯ ಗಂಟು ಬಿಚ್ಚಿದರು. ನನ್ನ ಅಂಗೈಗೆ ಬಿದ್ದ ಕುಸುರೆಳ್ಳಿಗೆ ಅವ್ವನ ಕೈಯದೇ ರುಚಿ ಇತ್ತು. ಇನ್ನೊಂದು ಸಲ ಕೈ ಚಾಚಿದೆ.

ಈಗ ಹಿಮ ಬಿದ್ದರೆ ಮೆಟ್ಟಿಲಿನ ಉಸ್ತುವಾರಿ ಪೂರ್ತಿ ನೀಲಾಳದು. ಪ್ಲಾಸ್ಟಿಕ್ ಸಲಿಕೆ ಬಂದಿದೆ, ಒಂದು ಬಕೆಟ್ ಉಸುಕು ಬಾಗಿಲಲ್ಲೇ ಇರುತ್ತದೆ. ಕಬ್ಬಿಣದ ಸಲಿಕೆ ಎಲ್ಲಿದೆ ಎಂದು ನನಗೆ ಹೇಳಿಲ್ಲ. ನನಗೂ ಒಂದು ಕೆಲಸ ಕೊಟ್ಟಿದ್ದಾಳೆ. ಅವಳು ಗುಡಿಸಿ ಮುಗಿಸುವ ತನಕ ಬಾಗಿಲ ಒಳಗೇ ನಿಂತು, ಗಾಜಿನೊಳಗಿಂದ ಮೆಟ್ಟಿಲು ಎಣಿಸಬೇಕು. ಇಲ್ಲಿಯವರೆಗೆ ಐದೂ ಸರಿಯಾಗಿ ಬಂದಿವೆ.