ಮುಕಾದಮನ ಮನೆ ಮುಂದಿನ ತಗ್ಗು

ಪುಣೆಯ ಕಾತ್ರಜದ ಕಡೆ ಊರು ಬೆಳೆದಷ್ಟೂ ರಸ್ತೆ ಕೆಡುತ್ತದೆ, ರಸ್ತೆ ಕೆಟ್ಟಷ್ಟೂ ನನಗೆ ಫಜೀತಿ ತಪ್ಪುವುದಿಲ್ಲ. ಯಾದಗಿರಿ ಕಡೆಯಿಂದ ಇಲ್ಲಿಗೆ ಬಂದು ಇಪ್ಪತ್ತು ವರ್ಷದಿಂದ ರಸ್ತೆಯ ತಗ್ಗು ಮುಚ್ಚುತ್ತಿದ್ದೇನೆ. ಈಗ ಎಂಟು ಆಳಿನ ಗ್ಯಾಂಗಿಗೆ ಮುಕಾದಮ. ನನ್ನ ಮನೆ ಮುಂದೆಯೇ ಮೊಣಕಾಲಾಳದ ತಗ್ಗಿದೆ. ನಮ್ಮ ಓಣಿ ಪಾಲಿಕೆಯ ಯಾವ ಪಟ್ಟಿಯಲ್ಲೂ ಇಲ್ಲ. ನಾನೇ ಮೊರಂ ಮಣ್ಣು ತಂದು ತುಂಬಿದೆ, ಮೊದಲ ಮಳೆಗೇ ಕೊಚ್ಚಿಹೋಯಿತು. ಒಂದು ಬುಟ್ಟಿ ಡಾಂಬರು ಮನೆಗೆ ಒಯ್ದರೆ ಕಳ್ಳತನ. ಮುಕಾದಮರ ಮನೆ ಯಾವುದೆಂದು ಕೇಳಿದವರಿಗೆ ಜನ "ತಗ್ಗಿನ ಎದುರಿಗೆ ರೀ" ಎನ್ನುತ್ತಾರೆ.

ಕೇಕು

ಒಂದು ವಸತಿ ಸೊಸೈಟಿಯ ಗೇಟಿನ ಮುಂದೆ ತಗ್ಗಿಗೆ ವರ್ಷ ತುಂಬಿತೆಂದು ಅಲ್ಲಿಯವರು ಬಲೂನು ಕಟ್ಟಿ ಹುಟ್ಟುಹಬ್ಬ ಇಟ್ಟುಕೊಂಡರು. ನಮ್ಮ ಮಾನ ಕಳೆಯಲೆಂದೇ ಇಟ್ಟದ್ದು. ಅದೇ ಬೆಳಿಗ್ಗೆ ನಾವು ಬಿಸಿ ಡಾಂಬರು ತುಂಬಿಕೊಂಡು ಹೋದೆವು. ಅಧ್ಯಕ್ಷರು ಎರಡೂ ಕೈ ಅಡ್ಡ ಹಿಡಿದರು.

"ಥಾಂಬಾ, ಥಾಂಬಾ. ಪೇಪರಿನವರು ಇನ್ನೂ ಬಂದಿಲ್ಲ."

ಪೇಪರಿನವರು ಬರುವಷ್ಟರಲ್ಲಿ ಡಾಂಬರು ಆರಿ ಕಲ್ಲಾಯಿತು. ಬರಿಗೈಲಿ ಹೊರಟ ನಮಗೆ ಒಂದೊಂದು ತುಂಡು ಕೇಕು ಕೊಟ್ಟರು. ಮರುವರ್ಷವೂ ಕೊಟ್ಟರು.

ದೊಡ್ಡವರ ದಾರಿ

ಯಾರೋ ದೊಡ್ಡವರು ಉದ್ಘಾಟನೆಗೆ ಬರುತ್ತಾರೆಂದರೆ ಅವರ ಕಾರು ಹಾಯುವ ರಸ್ತೆ ಒಂದೇ ದಿನದಲ್ಲಿ ಕನ್ನಡಿಯಾಗುತ್ತದೆ. ನಮ್ಮ ಎಂಜಿನಿಯರ್ ಸಾಹೇಬರು ಸೊಲ್ಲಾಪುರದ ಕನ್ನಡದವರು. ಒಮ್ಮೆ ಧೈರ್ಯ ಮಾಡಿ ಕೇಳಿದೆ.

"ಸಾಹೇಬ್ರ, ಅವರನ್ನ ಒಮ್ಮೆ ನಮ್ಮ ಓಣಿಗೆ ಕರಕೊಂಡ ಬರ್ರಿ."

"ನಿಮ್ಮ ಓಣ್ಯಾಗ ನೋಡಾಕ ಏನದ?"

"ತಗ್ಗ ಅದರಿ."

ಅವರು ನಿಜವಾಗಿಯೂ ಯೋಚಿಸಿದರು. "ಅವರು ಬರ್ತಾರಂದ್ರ ಅದನ್ನ ಮುಚ್ಚಬೇಕಾಗ್ತದ. ಮುಚ್ಚಿದ ಮ್ಯಾಲ ಅವರು ಬಂದು ನೋಡೂದೇನು?"

ಫೋಟೋ

ಈ ಮಳೆಗಾಲ ನೀರು ನಿಂತು ತಗ್ಗು ಕಾಣದೆ ನನ್ನ ಹೆಂಡತಿ ಅದರಲ್ಲಿ ಬಿದ್ದಳು. ಕಾಲಿಗೆ ಪ್ಲಾಸ್ಟರ್ ಹಾಕಿದರು. ಅವಳು ಮಾಡುತ್ತಿದ್ದ ನಾಲ್ಕು ಮನೆಯ ಅಡುಗೆ ಕೆಲಸದಲ್ಲಿ ಎರಡು ಕೈತಪ್ಪಿದವು. ಊರ ತಗ್ಗೆಲ್ಲ ಮುಚ್ಚಿದ ನನ್ನ ಕೈಯ ಮೇಲೆ ನನಗೇ ಸಿಟ್ಟು ಬಂತು. ಮಗಳು ಮೊಬೈಲಿನಲ್ಲಿ ತಾಯಿಯ ಹೆಸರಿನಿಂದ ಪಾಲಿಕೆಗೆ ದೂರು ಹಾಕಿದಳು.

ನಮ್ಮಲ್ಲಿ ಒಂದು ರೂಢಿ ಇದೆ. ತಗ್ಗು ಮುಚ್ಚಿದ ಮೇಲೆ ಯಾರಾದರೊಬ್ಬರು ಸಲಿಕೆ ಹಿಡಿದು ಅದರ ಪಕ್ಕ ನಿಲ್ಲಬೇಕು, ಸಾಹೇಬರು ಫೋಟೋ ತೆಗೆಯುತ್ತಾರೆ. ಆ ಒಂದೇ ಫೋಟೋ ಹಾಕಿ ಹತ್ತು ದೂರು ಮುಚ್ಚುತ್ತಾರೆ. ನಾನು ಎಷ್ಟೋ ಸಲ ನಿಂತಿದ್ದೇನೆ, ಯಾವ ದೂರಿಗೆ ಎಂದು ಒಮ್ಮೆಯೂ ಕೇಳಿಲ್ಲ.

ಎಂಟು ದಿನಕ್ಕೆ ಉತ್ತರ ಬಂತು. ನಿಮ್ಮ ದೂರು ಪರಿಹಾರವಾಗಿದೆ. ಕೆಳಗೆ ಫೋಟೋ. ನುಣ್ಣನೆಯ ರಸ್ತೆ, ಪಕ್ಕದಲ್ಲಿ ಸಲಿಕೆ ಹಿಡಿದು ಹಲ್ಲು ಕಿರಿದು ನಿಂತವನು ನಾನೇ.

ಹೆಂಡತಿ ಪ್ಲಾಸ್ಟರಿನ ಕಾಲು ಸ್ಟೂಲಿನ ಮೇಲಿಟ್ಟುಕೊಂಡು ಫೋಟೋ ನೋಡಿದಳು.

"ಭಾಳ ಚೊಲೋ ಮುಚ್ಚೀರಿ. ಯಾರ ಮನಿ ಮುಂದಿಂದರೀ ಇದು?"

ಮಗಳು ಸಿಟ್ಟಿನಲ್ಲಿ, "ಕೆಲಸ ಹೆಂಗಾಗೇದ, ಐದರಾಗ ಎಷ್ಟ ಚುಕ್ಕಿ ಕೊಡ್ತೀರಿ ಅಂತ ಕೇಳ್ಯಾರ. ಒಂದ ಒತ್ತತೀನಿ" ಎಂದಳು.

ಹೆಂಡತಿ ಮಗಳ ಕೈ ತಡೆದಳು. "ಐದೂ ಒತ್ತವಾ. ಕಡಿಮಿ ಒತ್ತಿದ್ರ ನಿಮ್ಮಪ್ಪನ ಕೆಲಸ ಹೋಗ್ತದ."