ಚಿಕ್ಕಪ್ಪ ಮುಟ್ಟದ ಸೈಕಲ್ಲು

ನಮ್ಮ ಚಿಕ್ಕಪ್ಪನಿಗೆ ಸೈಕಲ್ ಮಾರಲು ಬರುವುದಿಲ್ಲ. ಹೊರಗಿನವರಿಗೆ ಇದು ವಿಚಿತ್ರ ಅನ್ನಿಸಬಹುದು, ಏಕೆಂದರೆ ನಾನು ಹುಟ್ಟುವುದಕ್ಕೂ ಮುಂಚಿನಿಂದ ಅವರು ಕೊಳ್ಳೇಗಾಲದಲ್ಲಿ ಇಟ್ಟುಕೊಂಡಿರುವುದು ಸೈಕಲ್ ಅಂಗಡಿಯನ್ನೇ! ರಿಪೇರಿ ಮಾಡುತ್ತಾರೆ, ಅದು ಸರಿ. ಹೊಸ ಸೈಕಲ್ಲೂ ನಾಲ್ಕೈದು ನಿಂತಿರುತ್ತವೆ, ಅದೂ ಸರಿ. ಆದರೆ ಯಾರಾದರೂ ಕೊಳ್ಳಲು ಬಂದರೆ ಚಿಕ್ಕಪ್ಪ ಹೆಣ್ಣು ಕೊಡುವವರ ಹಾಗೆ ಬಂದವರನ್ನು ಮೇಲಿಂದ ಕೆಳಗೆ ನೋಡುತ್ತಾರೆ. ಅಲ್ಲಿಂದಾಚೆಗೆ ವ್ಯಾಪಾರ ಕುದುರಿದ್ದನ್ನು ನಾನು ಕಂಡಿರುವುದು ಅಪರೂಪ.

ಒಮ್ಮೆ ಹನೂರಿನಿಂದ ಒಬ್ಬರು ಮಗಳಿಗೆ ಸೈಕಲ್ ಕೊಳ್ಳಲು ಬಂದರು. ಒಳ್ಳೆಯ ಮನುಷ್ಯ, ಚೌಕಾಸಿಯೂ ಮಾಡಲಿಲ್ಲ. ಚಿಕ್ಕಪ್ಪ ಕೇಳಿದರು:

"ಮಗ್ಳೆಲ್ಲಿ?"

"ಮನೇಲವ್ಳೆ ಸಾ. ಅವ್ಳ್ಗೆ ಏಳ್ದೆ ತಕಂಡೋಗಿ ಮುಂದೆ ನಿಲ್ಲಿಸ್ಬೇಕು ಅಂತ ಆಸೆ."

"ಚಪ್ಲಿನೂ ಇಂಗೇ ಏಳ್ದೆ ತಕಂಡೋಯ್ತೀರಾ?"

"ಚಪ್ಲಿ ಕಾಲ್ಗಾಕಿ ನೋಡ್ಬೇಕಲ್ವಾ ಸಾ?"

"ಮತ್ತೆ ಸೈಕಲ್ಲೇನು ತಲೆಗಾಕತ್ತಾರಾ?"

ಆ ಮನುಷ್ಯ ಸುಮ್ಮನೆ ಹೊರಟುಹೋಗಿ ಮುಂದಿನ ಭಾನುವಾರ ಮಗಳನ್ನು ಕರೆದುಕೊಂಡು ಬಂದರು. ಚಿಕ್ಕಪ್ಪ ಹುಡುಗಿಯನ್ನು ಅಂಗಡಿಯ ಕಂಬಕ್ಕೆ ಒರಗಿಸಿ ನಿಲ್ಲಿಸಿ, ಟೇಪು ಹಿಡಿದು ಸೊಂಟದಿಂದ ಹಿಮ್ಮಡಿಯವರೆಗೆ ಅಳೆದು, ಕಂಬದ ಮೇಲೆ ಪೆನ್ಸಿಲಿನಲ್ಲಿ ಗೆರೆ ಎಳೆದು ಹೆಸರು ಬರೆದರು. ಆಮೇಲೆ ತೀರ್ಪು ಕೊಟ್ಟರು: "ಇನ್ನೆರಡು ಬೆರಳು ಬೆಳೀಲಿ. ಯುಗಾದಿ ಕಳೆದ್ಮೇಲೆ ಬನ್ನಿ." ಇಬ್ಬರಿಗೂ ತಮ್ಮ ಖರ್ಚಿನಲ್ಲಿ ಟೀ ಕುಡಿಸಿ ಹನೂರು ಬಸ್ಸು ಹತ್ತಿಸಿದರು. ಆ ಕಂಬದ ತುಂಬ ಈಗ ಗೆರೆಗಳೇ. ನಮ್ಮ ಕಡೆಯ ಮಕ್ಕಳು ಎಷ್ಟೆಷ್ಟು ಬೆಳೆದರೆಂದು ತಿಳಿಯಬೇಕಾದವರು ಆಸ್ಪತ್ರೆಗೆ ಹೋಗಬೇಕಾಗಿಲ್ಲ, ಚಿಕ್ಕಪ್ಪನ ಕಂಬ ನೋಡಿದರೆ ಸಾಕು!

ಮಾರುವುದು ಹೀಗಾದರೆ ರಿಪೇರಿಯ ಕಥೆ ಇನ್ನೊಂದು. ರಿಪೇರಿ ಮಾಡಿದ ಸೈಕಲ್ಲನ್ನು ತಾವೇ ಒಂದು ಸುತ್ತು ತುಳಿದು ನೋಡದೆ ಅವರು ಯಾರಿಗೂ ಕೊಡುವುದಿಲ್ಲ. ಇದಕ್ಕೆ ಟ್ರಯಲ್ ಎಂದು ಹೆಸರು. ಬೇರೆ ಅಂಗಡಿಗಳಲ್ಲಿ ಟ್ರಯಲ್ ಎಂದರೆ ಬೀದಿಯ ಕೊನೆಯವರೆಗೆ ಹೋಗಿ ಬರುವುದು. ಚಿಕ್ಕಪ್ಪನ ಬೀದಿಗೆ ಮಾತ್ರ ಕೊನೆಯೇ ಇಲ್ಲ.

ಹೊನ್ನೂರಿನ ಮೇಷ್ಟ್ರೊಬ್ಬರು ಬ್ರೇಕು ಹಿಡಿಯುತ್ತಿಲ್ಲವೆಂದು ಸೈಕಲ್ ತಂದಿದ್ದರು. ಹತ್ತು ನಿಮಿಷದ ಕೆಲಸ. "ಒಂದು ಟ್ರಯಲ್ ನೋಡ್ಬುಟ್ ಬತ್ತೀನಿ ಮೇಷ್ಟ್ರೇ, ಕೂತಿರಿ" ಎಂದು ಚಿಕ್ಕಪ್ಪ ಹೊರಟರು. ಮೇಷ್ಟ್ರು ಕೂತರು. ಪೇಪರು ಓದಿದರು. ಟೆಂಡರ್ ಪ್ರಕಟಣೆಗಳನ್ನೂ ಬಿಡದೆ ಓದಿದರು. ಗಾಳಿ ಹಾಕಿಸಲು ಬಂದ ಇಬ್ಬರಿಗೆ ತಾವೇ ಗಾಳಿ ಹಾಕಿಕೊಟ್ಟರು. ಮಧ್ಯಾಹ್ನ ಕಳೆದ ಮೇಲೆ ಅಂಗಡಿಯ ಬಾಗಿಲನ್ನೂ ತಾವೇ ಎಳೆದು, ನಮ್ಮ ಚಿಕ್ಕಮ್ಮನಿಗೆ ಬೀಗದ ಕೈ ಕೊಟ್ಟು, ಬಸ್ಸು ಹಿಡಿದು ಊರಿಗೆ ಹೋದರೆ ಅವರ ಮನೆಯ ಮುಂದೆ ಅವರ ಸೈಕಲ್ಲು! ಜಗಲಿಯ ಮೇಲೆ ಚಿಕ್ಕಪ್ಪ! ಎದುರಿಗೆ ಮುದ್ದೆ!

"ಎಲ್ಗೋಗಿದ್ರಿ ಮೇಷ್ಟ್ರೇ? ಎಷ್ಟೊತ್ತಿಂದ ಕಾಯ್ತಾ ಇವ್ನಿ!"

ಚಿಕ್ಕಪ್ಪ ಮುದ್ದೆ ಮುರಿಯುತ್ತಲೇ ವಿವರಿಸಿದರು: "ನಿಮ್ ಬ್ರೇಕು ನಿಮ್ಮೂರ್ ದಾರೀಲಿ ಹಿಡೀಬೇಕು. ನನ್ ಅಂಗ್ಡಿ ಮುಂದೆ ಹಿಡಿದ್ರೆ ಏನ್ ಬಂತು?"

ಮನೆ ಬಾಗಿಲಿಗೆ ತಂದುಕೊಡುವ ಪದ್ಧತಿಯನ್ನು ದೊಡ್ಡ ಕಂಪನಿಗಳು ಕಂಡುಹಿಡಿದವು ಎನ್ನುವವರು ಒಮ್ಮೆ ಈ ಮೇಷ್ಟ್ರನ್ನು ಕೇಳಬೇಕು.

ಹೀಗಿದ್ದ ಚಿಕ್ಕಪ್ಪನ ಲೋಕಕ್ಕೆ ಡಬ್ಬದ ಸೈಕಲ್ಲುಗಳು ಬಂದವು. ಫೋನಿನಲ್ಲಿ ಚಿತ್ರ ನೋಡಿ ಬೆರಳು ಒತ್ತಿದರೆ ನಾಲ್ಕೈದು ದಿನಕ್ಕೆ ಬಾಗಿಲಿಗೆ ಒಂದು ಚಪ್ಪಟೆ ರಟ್ಟಿನ ಡಬ್ಬ. ಒಳಗೆ ಚಕ್ರ ಬೇರೆ, ಹ್ಯಾಂಡಲ್ ಬೇರೆ, ಪೆಡಲ್ ಬೇರೆ, ಜೋಡಿಸುವುದು ಹೇಗೆಂದು ಒಂದು ಕಾಗದ. ಅಳತೆಯಿಲ್ಲ, ಕಂಬವಿಲ್ಲ, ಟೀಯಂತೂ ಇಲ್ಲವೇ ಇಲ್ಲ! ಚಿಕ್ಕಪ್ಪ ಒಂದು ವಾರ ಸುಮ್ಮನಿದ್ದು ಆಮೇಲೆ ಒಂದು ಬೋರ್ಡು ಬರೆಸಿ ತೂಗುಹಾಕಿದರು: "ಡಬ್ಬದಲ್ಲಿ ಬಂದ ಸೈಕಲ್ಲನ್ನು ಈ ಅಂಗಡಿಯ ಒಳಗೆ ಮುಟ್ಟುವುದಿಲ್ಲ."

ಬೋರ್ಡು ಹಾಕಿದ ಮೂರನೆಯ ದಿನವೇ ಪಾಲಾರ್ ಕಡೆಯ ಒಬ್ಬ ಯುವಕ ಡಬ್ಬವನ್ನು ಬಸ್ಸಿನ ಮೇಲೆ ಹಾಕಿಕೊಂಡು ಬಂದ. ಬೋರ್ಡು ಓದಿ ಮುಖ ಸಣ್ಣದು ಮಾಡಿಕೊಂಡ.

"ಅಣ್ಣ, ಅಷ್ಟು ದೂರದಿಂದ ಬಂದಿವ್ನಿ."

"ಓದಾಕ್ ಬತ್ತದಲ್ಲ ನಿಂಗೆ? ಏನಂತ ಬರ್ದದೆ ಓದು."

"ಅಂಗಡಿ ಒಳಗೆ ಮುಟ್ಟಲ್ಲ ಅಂತ."

"ಮತ್ತೆ? ಈಚೆ ಮುಟ್ಟಾಕಿಲ್ಲ ಅಂತ ಎಲ್ಲಾದ್ರೂ ಬರ್ದದಾ? ಎತ್ಲಾ ಡಬ್ಬವ, ಆ ಲೈಟ್ ಕಂಬದತ್ರ ಇಡು."

ಅಂದಿನಿಂದ ಚಿಕ್ಕಪ್ಪನ ಕೆಲಸವೆಲ್ಲ ಬೀದಿಯಲ್ಲಿ. ಒಳಗೆ ಫ್ಯಾನು ಯಾರೂ ಇಲ್ಲದೆ ತಿರುಗುತ್ತಿರುತ್ತದೆ. ಹೊರಗೆ ಬಿಸಿಲಿನಲ್ಲಿ ಅವರು ಕುಕ್ಕರುಗಾಲಿನಲ್ಲಿ ಕೂತು ಡಬ್ಬದವರ ಪೆಡಲ್ ಬಿಗಿಯುತ್ತಿರುತ್ತಾರೆ, ಬಾಯಲ್ಲಿ ಒಂದೇ ಸಮನೆ ಬೈಗುಳ. "ಕಾಗ್ದ ನೋಡ್ಕಂಡು ಸೈಕಲ್ ಕಟ್ತಾರಂತೆ! ಲಗ್ನಪತ್ರಿಕೆ ಓದ್ಬುಟ್ಟು ಒಟ್ಟೆ ತುಂಬ್ತು ಅಂದಂಗೆ!" ಬೈಸಿಕೊಂಡವರು ನಗುತ್ತಾ ಹೋಗುತ್ತಾರೆ, ಇನ್ನೊಬ್ಬರನ್ನು ಕಳಿಸುತ್ತಾರೆ. ಖಾಲಿ ಡಬ್ಬಗಳನ್ನು ಚಿಕ್ಕಮ್ಮ ಬಿಚ್ಚಿ ಮಾಳಿಗೆಯ ಮೇಲೆ ಹಾಸಿ ಸಂಡಿಗೆ ಒಣಗಿಸುತ್ತಾರೆ. ವ್ರತಭಂಗದಲ್ಲಿ ಮನೆಮಂದಿಗೆಲ್ಲ ಪಾಲಿತ್ತು.

ಇಷ್ಟೆಲ್ಲ ಗೊತ್ತಿದ್ದೂ ನಾನು ಆನ್‌ಲೈನಿನಲ್ಲಿ ಸೈಕಲ್ ತರಿಸಿದೆ.

ಏಕೆ? ಕೇಳಿದವರಿಗೆಲ್ಲ ಬೇರೆ ಬೇರೆ ಕಾರಣ ಹೇಳಿದ್ದೇನೆ, ಇಲ್ಲಿ ನಿಜ ಹೇಳುತ್ತೇನೆ. ಯಳಂದೂರಿನ ಒಂದು ಕಾಲೇಜಿನಲ್ಲಿ ಪಾಠ ಮಾಡುತ್ತೇನೆ. ಅಲ್ಲೇ ಒಂದು ಕೋಣೆ ಹಿಡಿದಿದ್ದೇನೆ. ಕೋಣೆಯಿಂದ ಕಾಲೇಜಿಗೆ ಒಂದು ಸೈಕಲ್ ಬೇಕಿತ್ತು. ಚಿಕ್ಕಪ್ಪನಿಗೆ ಹೇಳಿದರೆ ಏನಾಗುತ್ತದೆ? ಇಪ್ಪತ್ತಾರು ವರ್ಷದ ನನ್ನನ್ನು ಬೀದಿಗೆಲ್ಲ ಕಾಣುವ ಆ ಕಂಬಕ್ಕೆ ಒರಗಿಸಿ ನಿಲ್ಲಿಸಿ ಟೇಪು ಹಿಡಿಯುತ್ತಾರೆ. ಯಾವ ದಾರಿಯಲ್ಲಿ ಹೋಗುತ್ತೀ, ಎಷ್ಟು ಹೊತ್ತಿಗೆ ಹೋಗುತ್ತೀ, ಜೊತೆಗೆ ಯಾರು ಎಂದು ಕೇಳುತ್ತಾರೆ. ಪಕ್ಕದ ಟೀ ಅಂಗಡಿಯವರು ಉತ್ತರಕ್ಕಾಗಿ ಲೋಟ ತೊಳೆಯುವುದನ್ನು ನಿಲ್ಲಿಸುತ್ತಾರೆ. ನನಗೆ ಅದು ಆಗದು. ಯಾರೂ ಏನೂ ಕೇಳದ ಒಂದೇ ಒಂದು ವಸ್ತು ಬದುಕಿನಲ್ಲಿ ಇರಲಿ ಅನ್ನಿಸಿತು. ಫೋನು ಏನನ್ನೂ ಕೇಳಲಿಲ್ಲ, ಪಿನ್ ಕೋಡ್ ಒಂದನ್ನು ಬಿಟ್ಟು.

ಡಬ್ಬ ಬಂತು. ಕಾಗದದಲ್ಲಿದ್ದಂತೆ, ಒಂದು ಹೆಜ್ಜೆಯನ್ನೂ ತಪ್ಪಿಸದೆ, ಪ್ರತಿ ಸಾಲಿಗೂ ಪಕ್ಕದಲ್ಲಿ ಗುರುತು ಹಾಕುತ್ತಾ ಜೋಡಿಸಿದೆ. ಏನೋ ಸಾಧಿಸಿದ ಹೆಮ್ಮೆ! ಮೂರು ದಿನ ತುಳಿದೆ. ತಿರುವಿನಲ್ಲಿ ಪಾದ ಮುಂದಿನ ಚಕ್ರಕ್ಕೆ ತಾಗುತ್ತಿತ್ತು, ಹೊಸ ಸೈಕಲ್ಲೆಂದರೆ ಹೀಗೇ ಇರಬಹುದೆಂದುಕೊಂಡೆ. ನಾಲ್ಕನೆಯ ದಿನ ಕಾಲೇಜಿನ ಗೇಟಿನಲ್ಲಿ ವಿದ್ಯಾರ್ಥಿನಿಯೊಬ್ಬಳು ಬಹಳ ಮರ್ಯಾದೆಯಿಂದ ಹೇಳಿದಳು: "ಮಿಸ್, ನಿಮ್ ಸೈಕಲ್ಲು ಹಿಂದಕ್ ನೋಡ್ಕಂಡು ಮುಂದಕ್ ಓಯ್ತಾ ಅದೆ."

ಮುಂದಿನ ಚಕ್ರ ಹಿಡಿಯುವ ಕವಲನ್ನು ನಾನು ಹಿಂದುಮುಂದಾಗಿ ಕೂರಿಸಿದ್ದೆ! ಅಂದು ಸಂಜೆಯೇ ಬಿಚ್ಚಿ ಸರಿಮಾಡಿದೆ. ಆದರೆ ಸುದ್ದಿ ಅಷ್ಟರಲ್ಲಿ ಕೊಳ್ಳೇಗಾಲದ ಬಸ್ಸು ಹತ್ತಿ ಹೋಗಿಯಾಗಿತ್ತು. ಶನಿವಾರ ಸೈಕಲ್ಲಿನಲ್ಲೇ ಊರಿಗೆ, ನೇರ ಚಿಕ್ಕಪ್ಪನ ಅಂಗಡಿಗೆ ಹೊರಟೆ. ದಾರಿಯುದ್ದಕ್ಕೂ ಬೈಸಿಕೊಳ್ಳುವುದಕ್ಕೆ ತಯಾರಾದೆ. ಒಂದೆರಡು ಉತ್ತರಗಳನ್ನೂ ಬಾಯಿಪಾಠ ಮಾಡಿಕೊಂಡೆ.

ಚಿಕ್ಕಪ್ಪ ಬೈಯಲಿಲ್ಲ.

"ಬಾ ಕೂಸು. ಬಿಸ್ಲಲ್ ಬಂದಿದ್ದೀಯ, ಮಜ್ಜಿಗೆ ಕುಡಿ" ಅಂದರು. ಕಾಲೇಜಿನ ವಿಚಾರ ಕೇಳಿದರು, ಕೋಣೆಯಲ್ಲಿ ನೀರು ಸರಿಯಾಗಿ ಬರುತ್ತದೆಯೇ ಎಂದು ಕೇಳಿದರು. ಸೈಕಲ್ಲಿನ ಕಡೆ ಮಾತ್ರ ನೋಡಲಿಲ್ಲ. ಅದು ನಿಂತಿದ್ದ ಜಾಗದಲ್ಲಿ ಗಾಳಿ ಬಿಟ್ಟು ಏನೂ ಇಲ್ಲವೆಂಬಂತೆ ಅದರಾಚೆಯ ಟೀ ಅಂಗಡಿಯನ್ನು ನೋಡಿದರು.

ಬೈಸಿಕೊಳ್ಳುವುದನ್ನು ಹೀಗೆ ಬಯಸಬೇಕಾಗುತ್ತದೆಂದು ನನಗೆ ಗೊತ್ತಿರಲಿಲ್ಲ. ಹೈಸ್ಕೂಲಿನಲ್ಲಿದ್ದಾಗ ನನ್ನ ಸೈಕಲ್ಲನ್ನು ಅವರೇ ಒಂದೊಂದು ಭಾಗ ಆರಿಸಿ ತಂದು ಕಟ್ಟಿದ್ದರು. ಪ್ರತಿ ಶನಿವಾರ ಅದನ್ನು ತಲೆಕೆಳಗೆ ನಿಲ್ಲಿಸಿ, "ಇದ್ನೇನು ತುಳೀತಿಯೋ ಇಲ್ಲ ಕುಟ್ತೀಯೋ?" ಎಂದು ರೇಗುತ್ತಿದ್ದರು. ಆಗ ಮುಖ ಊದಿಸಿಕೊಂಡು ನಿಲ್ಲುತ್ತಿದ್ದೆ. ಈಗ ಅದೇ ಬೈಗುಳಕ್ಕಾಗಿ ಯಳಂದೂರಿನಿಂದ ತುಳಿದುಕೊಂಡು ಬರುವ ಸ್ಥಿತಿ! ವಾರ ವಾರವೂ ಬಂದೆ. ಬೇಕೆಂದೇ ಸೈಕಲ್ಲಿನ ಬೆಲ್ಲು ಸಡಿಲ ಮಾಡಿಕೊಂಡು ಬಂದೆ; ಸ್ಪ್ಯಾನರನ್ನು ನನ್ನ ಕೈಗೇ ಕೊಟ್ಟರು. ಹಿಂದಿನ ಟೈರಿನ ಗಾಳಿ ಬಿಟ್ಟುಕೊಂಡು ಬಂದೆ (ಇದನ್ನು ಬರೆಯಲು ನಾಚಿಕೆಯಾಗುತ್ತದೆ). "ಪಂಪು ಅಲ್ಲೇ ಅದೆ ಕೂಸು" ಅಂದರು. ನನ್ನೆದುರಿಗೇ ಯಾರದೋ ಡಬ್ಬದ ಸೈಕಲ್ಲನ್ನು ಬಾಯಿತುಂಬ ಬೈಯುತ್ತಾ ಮುದ್ದಿನಿಂದ ಒರೆಸುತ್ತಿದ್ದರು. ಎಷ್ಟು ಅಸೂಯೆಪಟ್ಟೆ! ಒಂದು ಪೆಡಲ್ಲಿನ ಮೇಲೆ ಅಸೂಯೆ!

ಚಿಕ್ಕಮ್ಮನನ್ನು ಕೇಳಿದೆ. "ನಿನ್ ಸೈಕಲ್ ಮಾತೆತ್ತಿದ್ರೆ ಎದ್ದೋಯ್ತಾರೆ ಕಣವ್ವ. ನೀವಿಬ್ರೂ ಒಂದೇ ಜಾತಿ, ಬಾಯ್ ಬುಡಾಕಿಲ್ಲ" ಅಂದು ಸಂಡಿಗೆ ತಿರುವಿಹಾಕಿದರು.

ಕೊನೆಗೆ ಬೇಕೆಂದು ಮಾಡದ ರಿಪೇರಿಯೊಂದು ಬಂತು. ಯಳಂದೂರು ರಸ್ತೆಯಲ್ಲಿ ಕಬ್ಬಿನ ಟ್ರ್ಯಾಕ್ಟರಿಗೆ ದಾರಿ ಬಿಡಲು ಹೋಗಿ ಹಳ್ಳಕ್ಕೆ ಇಳಿಸಿದೆ. ನನಗೇನೂ ಆಗಲಿಲ್ಲ. ಮುಂದಿನ ಚಕ್ರ ಮಾತ್ರ ಸೊಟ್ಟಗಾಗಿ, ಸುತ್ತಿಗೊಮ್ಮೆ ಬ್ರೇಕಿಗೆ ಉಜ್ಜಿ ಕಿರ್ರ್ ಎನ್ನತೊಡಗಿತು. ತಳ್ಳಿಕೊಂಡೇ ಚಿಕ್ಕಪ್ಪನ ಅಂಗಡಿಗೆ ಬಂದೆ. ಮೂರು ಗಂಟೆಯ ಬಿಸಿಲು. ಅವರು ಮೊದಲು ನನ್ನ ಮೊಣಕೈ ನೋಡಿದರು, ಮೊಣಕಾಲು ನೋಡಿದರು, ನೀರು ಕೊಟ್ಟರು. ಆಮೇಲೆ ರಸ್ತೆಯ ಕಡೆ ಮುಖ ತಿರುಗಿಸಿ ಹೇಳಿದರು: "ಬಸ್ ಸ್ಟ್ಯಾಂಡತ್ರ ಇನ್ನೊಂದು ಅಂಗ್ಡಿ ಅದೆ. ಬೆಂಡು ಚೆನ್ನಾಗ್ ತೆಗೀತಾನೆ. ಅಲ್ಲಿಗೆ ತಕಂಡೋಗು."

ನಾನು ದನಿ ಎತ್ತಿ ಮಾತಾಡುವವಳಲ್ಲ. ಅಂದು ಎತ್ತಿದೆ. ಟೀ ಅಂಗಡಿಯವರು ಕೇಳಲಿ ಎಂದೇ ಎತ್ತಿದೆ.

"ಪಾಲಾರಿನವರ ಡಬ್ಬ ಮುಟ್ತೀರ, ಹನೂರಿನವರ ಡಬ್ಬ ಮುಟ್ತೀರ. ನಂದೊಂದು ಯಾಕೆ ಆಗಲ್ಲ ಚಿಕ್ಕಪ್ಪ? ತಪ್ಪು ಮಾಡಿದೆ, ಒಪ್ತೀನಿ. ಬೈದಾದ್ರೂ ಬಿಡಿ!"

ಚಿಕ್ಕಪ್ಪ ನನ್ನನ್ನು ನೋಡಿದರು. ಆಮೇಲೆ ತಮ್ಮ ಕೈಗಳನ್ನು ನೋಡಿಕೊಂಡರು.

"ಶುಗರ್ ಬಂದ್ಮೇಲೆ ಬೆರಳ್ ತುದಿ ಸತ್ತೋಗದೆ ಕೂಸು. ಪೆಡಲ್ ಬಿಗೀಬೌದು, ಪಂಕ್ಚರ್ ಹಾಕ್ಬೌದು. ಚಕ್ರದ್ ಕಡ್ಡಿ ಮಾತ್ರ ತಿಳಿಯಾಕಿಲ್ಲ. ಯಾವ್ದು ಬಿಗಿ, ಯಾವ್ದು ಸಡ್ಲ, ಏನೂ ತಿಳಿಯಾಕಿಲ್ಲ. ಬೆಂಡಿಗೆ ಬಂದವ್ರನ್ನೆಲ್ಲ ಟೈಮಿಲ್ಲ ಅಂತ ಅಲ್ಲಿಗೇ ಕಳಿಸ್ತಾ ಇವ್ನಿ. ಬ್ಯಾರೆಯವ್ರ ಸೈಕಲ್ಲಾದ್ರೆ ಪೆಡಲ್ ಒಂದು ಬಿಗ್ದು ಕಳಿಸ್ಬೌದು. ನಿನ್ ಸೈಕಲ್ಲ ಅರ್ಧಂಬರ್ಧ ಮುಟ್ಟಾಕಾಯ್ತದಾ? ಮುಟ್ಟುದ್ರೆ ಪೂರಾ ಬಿಚ್ಚಿ ಚಕ್ರ ಕಟ್ಟಿ ಕೊಡ್ಬೇಕು. ನಾ ಕಟ್ಟಿ, ನೀ ಆ ರೋಡಲ್ಲಿ ಬಿದ್ರೆ?"

ನಾನು ಸೈಕಲ್ಲನ್ನು ಅಂಗಡಿಯ ಕಂಬಕ್ಕೆ ಒರಗಿಸಿದೆ.

"ನೀ ಡಬ್ಬದಲ್ ತರ್ಸ್ದೆ ಅಂತ ಗೊತ್ತಾದಾಗ ಏನನ್ನಿಸ್ತು ಏಳ್ಬುಡ್ಲಾ? ಸದ್ಯ, ನನ್ ಕೇಳ್ನಿಲ್ವಲ್ಲ ಅನ್ನಿಸ್ತು. ಅಂಗನ್ನಿಸ್ತಲ್ಲ ಅಂತ ಆಮೇಲೆ ನಿನ್ ಮುಖ ನೋಡಾಕಾಗ್ನಿಲ್ಲ."

ಬೀದಿಯಲ್ಲಿ ಹನೂರಿನ ಬಸ್ಸು ಹಾದುಹೋಯಿತು. ನಾನು ಸೈಕಲ್ಲನ್ನು ಎತ್ತಿಕೊಂಡು, ಬೋರ್ಡಿನ ಕೆಳಗಿನಿಂದ ಹಾದು, ಅಂಗಡಿಯ ಒಳಗೆ ಫ್ಯಾನಿನ ಅಡಿಯಲ್ಲಿ ತಲೆಕೆಳಗೆ ನಿಲ್ಲಿಸಿದೆ. ಚಿಕ್ಕಪ್ಪ ತಡೆಯಲಿಲ್ಲ.

"ಹೇಗೆ ಮುಟ್ಟಬೇಕು, ಹೇಳಿ."

ಅವರು ಎದುರಿಗೆ ಕೂತರು. ನಮ್ಮದು ರೇಷ್ಮೆ ಸೀರೆ ನೇಯುವ ಮನೆ. ಚಿಕ್ಕಪ್ಪನೂ ಹದಿನೆಂಟರವರೆಗೆ ಮಗ್ಗದಲ್ಲಿ ಕೂತವರೇ. ಸಾವಿರ ಎಳೆಗಳ ಮೇಲೆ ಬೆರಳು ಆಡಿಸಿ ಸಡಿಲಾದ ಒಂದನ್ನು ಹಿಡಿಯುತ್ತಿದ್ದರೆಂದು ಅಪ್ಪ ಹೇಳುವುದನ್ನು ಕೇಳಿದ್ದೆ. ಅದೇ ಬೆರಳು ಚಕ್ರಕ್ಕೂ ಬಂದಿತ್ತೆಂದು ನಾನು ಯೋಚಿಸಿರಲಿಲ್ಲ. "ಎಲ್ಡ್ ಎಲ್ಡು ಕಡ್ಡಿ ಒಟ್ಗೆ ಹಿಡ್ಕಂಡು ಮೆತ್ತಗೆ ಇಸುಕು. ಪಕ್ಕದ್ ಜೋಡಿ ಎಂಗದೆ, ಇದ್ ಎಂಗದೆ, ಅಷ್ಟೇ ಏಳು" ಅಂದರು. ನಾನು ಹಿಸುಕಿದೆ. ಹೇಳಿದೆ. ಅವರು ಕಡ್ಡಿ ಬಿಗಿಯುವ ಸಣ್ಣ ಕೀಲಿಯಿಂದ ಕಾಲು ಸುತ್ತು, ಅರ್ಧ ಸುತ್ತು ತಿರುಗಿಸಿದರು. ಮತ್ತೆ ಹಿಸುಕಿದೆ. "ಸುಳ್ಳೇಳ್ತಾ ಇದ್ದೀಯ, ಸರ್ಯಾಗ್ ಇಡ್ಕ. ಎಮ್ಮೆ ಕೆಚ್ಚಲು ಇಡ್ದಂಗ್ ಇಡ್ದಿದ್ದೀಯಲ್ಲ! ಇದ್ನೇನಾ ಕಾಲೇಜಲ್ಲಿ ಕಲ್ಸಿದ್ದು?" ಎಂದು ಬೈದರು. ಚಕ್ರದ ಕಿರ್ರ್ ಸದ್ದು ಸಣ್ಣದಾಗುತ್ತಾ ಬಂದು ನಿಂತೇಹೋಯಿತು. ಅವರು ಚಕ್ರವನ್ನು ಒಮ್ಮೆ ಬಲವಾಗಿ ತಿರುಗಿಸಿ ಕಿವಿಗೊಟ್ಟು ಕೂತರು. ಅದು ಬಹಳ ಹೊತ್ತು, ಎಲ್ಲೂ ತಾಗದೆ, ತಿರುಗಿತು.

"ಎಲ್ಲಾ ಸರ್ಯಾಗದಾ?" ಎಂದು ಕೇಳಿದರು.

ಎಲ್ಲ ಕಡ್ಡಿಗಳೂ ಸರಿಯಾಗಿದ್ದವು.

"ಒಂದು ಸ್ವಲ್ಪ ಅನುಮಾನ ಚಿಕ್ಕಪ್ಪ" ಅಂದೆ. "ಮೊದಲಿಂದ ನೋಡೋಣ್ವಾ?"