ಚಾರ್ಜ್ ಎಷ್ಟಾಯಿತು?

ಕೆಲವರಿಗೆ ದಿನಚರಿ ಬರೆಯುವ ಚಟ, ನನಗೆ ಪೆಟ್ರೋಲು ಬರೆಯುವ ಚಟ. ನನ್ನ ಕಾರಿನಲ್ಲಿದ್ದ ನೀಲಿ ರಟ್ಟಿನ ನೋಟುಪುಸ್ತಕದಲ್ಲಿ ಹದಿನಾಲ್ಕು ವರ್ಷ ಆ ಕಾರು ಕುಡಿದ ಪ್ರತಿ ಲೀಟರು, ಬದಲಿಸಿದ ಪ್ರತಿ ಆಯಿಲು, ಆದ ಪ್ರತಿ ಪಂಚರು ದಾಖಲಾಗಿದೆ. ಮಗಳು ಮೊದಲ ಹೆಜ್ಜೆ ಇಟ್ಟಿದ್ದು ಯಾವತ್ತು ಎಂದು ಕೇಳಿದರೆ ತಡವರಿಸುತ್ತೇನೆ. ಆ ವಾರ ಕ್ಲಚ್ ಬದಲಿಸಿದ್ದು ಮಾತ್ರ ಥಟ್ಟನೆ ಹೇಳಬಲ್ಲೆ. ಈ ಸಂಗತಿಯನ್ನು ನನ್ನ ಹೆಂಡತಿ ಸುವರ್ಣಾ ಮನೆಗೆ ಬಂದವರಿಗೆಲ್ಲ ಚಹಾದ ಜೊತೆಗೇ ಬಡಿಸುತ್ತಾಳೆ.

ಕೊನೆಗೆ ಈ ಪುಸ್ತಕವೇ ನನಗೆ ಮುಳುವಾಯಿತು. ಭಾಲ್ಕಿಯಲ್ಲಿರುವ ಅವಳ ತಮ್ಮ ಸಿದ್ರಾಮ ದೊಡ್ಡ ಗಾಡಿ ಕೊಳ್ಳುವವನಿದ್ದ. ತನ್ನ ಸಣ್ಣ ಎಲೆಕ್ಟ್ರಿಕ್ ಕಾರನ್ನು ನಮಗೇ ಕೊಡುತ್ತೇನೆ, ಹಳೆಯದನ್ನು ಮಾರಿಬಿಡಿ ಎಂದ. ನಾನು ಒಪ್ಪಲಿಲ್ಲ. ಸುವರ್ಣಾ ನನ್ನ ನೋಟುಪುಸ್ತಕವನ್ನೇ ಬಿಚ್ಚಿಟ್ಟು, ನೀವೇ ಬರೆದಿದ್ದೀರಿ, ನೀವೇ ಓದಿರಿ ಎಂದಳು. ಓದುವ ಧೈರ್ಯವಿಲ್ಲದೆ ನಾನೇ ಪಂದ್ಯ ಕಟ್ಟಿದೆ. ಬೀದರಿನಿಂದ ಭಾಲ್ಕಿ, ಅಲ್ಲಿಂದ ಔರಾದ್, ಮತ್ತೆ ಜನವಾಡದ ಮೇಲೆ ಬೀದರಿಗೆ. ಒಂದು ಭಾನುವಾರ ನನ್ನ ಗಾಡಿ, ಮುಂದಿನ ಭಾನುವಾರ ಸಿದ್ರಾಮನ ಗಾಡಿ. ಯಾವುದಕ್ಕೆ ಖರ್ಚು ಕಡಿಮೆಯೋ ಅದು ಮನೆಯಲ್ಲಿ ಉಳಿಯಬೇಕು.

ಮೊದಲ ಭಾನುವಾರ ನನ್ನ ಗಾಡಿಯನ್ನು ಕೂಸನ್ನು ಎತ್ತಿಕೊಂಡಂತೆ ಓಡಿಸಿದೆ. ಏಸಿ ಬಂದ್, ಕಿಟಕಿ ಖುಲ್ಲಾ, ಇಳಿಜಾರು ಕಂಡಲ್ಲೆಲ್ಲ ನ್ಯೂಟ್ರಲ್. ಮನೆಗೆ ಬರುವಷ್ಟರಲ್ಲಿ ಸುವರ್ಣಾಳ ತಲೆಯ ಮೇಲೆ ಮೂರೂ ತಾಲೂಕುಗಳ ಕೆಂಪು ಮಣ್ಣಿತ್ತು. ಆದರೂ ಪೆಟ್ರೋಲಿಗೆ ಎಂಟುನೂರರ ಮೇಲೆಯೇ ಹೋಯಿತು. ಎರಡನೇ ಭಾನುವಾರ ನಾನು ಬೇರೆಯೇ ಮನುಷ್ಯ. ಏಸಿಯನ್ನು ಕೊನೆಯ ಮಟ್ಟಕ್ಕೆ ತಿರುಗಿಸಿದೆ, ಹಾಡು ಹಚ್ಚಿದೆ, ಹಗಲು ಹೊತ್ತಿನಲ್ಲಿ ಹೆಡ್‌ಲೈಟನ್ನೂ ಹಾಕಿದೆ. ಬೇಸಗೆಯ ಬಿಸಿಲಿನಲ್ಲಿ ಸುವರ್ಣಾ ಸೆರಗು ಹೊದ್ದು ಮುದುಡಿ ಕುಳಿತಳು. ಔರಾದ್ ದಾಟಿದ ಮೇಲೆ ಬ್ಯಾಟರಿಯ ಅಂಕಿ ಸರಸರನೆ ಇಳಿಯತೊಡಗಿತು. ಜನವಾಡಕ್ಕೆ ಬರುವಷ್ಟರಲ್ಲಿ ಅದು ಶೇಕಡಾ ನಾಲ್ಕಕ್ಕೆ ಬಂದು, ಗಾಡಿ ಕುಂಯ್‌ಗುಡಲು ಶುರುಮಾಡಿತು. ಬೀದರ್ ಇನ್ನೂ ದೂರವಿತ್ತು.

ಜನವಾಡದಲ್ಲಿ ಸುವರ್ಣಾಳ ಸೋದರಮಾವ ಗುರಪ್ಪನವರ ಮನೆ ರಸ್ತೆಗೇ ಅಂಟಿಕೊಂಡಿದೆ. ಅವರು ಕಿಟಕಿಯೊಳಗಿಂದ ವೈರು ಎಳೆದು ಪ್ಲಗ್ ಹಾಕಿಸಿ, ಎಮ್ಮೆಗೆ ಮೇವು ಹಾಕಿದವರಂತೆ ಕಾರಿನ ಪಕ್ಕದಲ್ಲೇ ಕುಳಿತರು. ಅರ್ಧ ಗಂಟೆಯಾದ ಮೇಲೆ ಪಡಸಾಲೆಯಿಂದ ನಾನು ಕೂಗಿ ಕೇಳಿದೆ: “ಮಾವಾ, ಚಾರ್ಜ್ ಎಷ್ಟಾತ್ರಿ?”

ಗುರಪ್ಪನವರ ಮುಖ ಸಣ್ಣದಾಯಿತು. ಎದ್ದು ಬಂದು ನನ್ನೆದುರು ನಿಂತರು. “ಬರೇ ಕರೆಂಟಿಂದು ಹಚ್ಚಲೇನ್ರಿ ಅಳಿಯಾ, ಚಹಾ ನೀರಿಂದೂ ಕೂಡಿಸ್ಲಿ?”

ನಾನು ಕೇಳಿದ್ದು ಬ್ಯಾಟರಿ ಎಷ್ಟು ತುಂಬಿತೆಂದು. ಅವರ ಕಿವಿಗೆ ಬಿದ್ದದ್ದು ದುಡ್ಡು ಎಷ್ಟಾಯಿತೆಂದು. ನಾನು ತೊದಲುತ್ತಿದ್ದಂತೆ ಸುವರ್ಣಾ ನಗು ತಡೆಯಲಾರದೆ ಅರ್ಥ ಬಿಡಿಸಿ ಹೇಳಿದಳು. ಮಾವ ನಕ್ಕರು. ಆದರೆ ಬಿಡಲಿಲ್ಲ.

“ನಿಮ್ಮ ಹಳೀ ಗಾಡಿ ಹದಿನಾಲ್ಕು ವರ್ಷ ನಮ್ಮ ಮನಿ ಮುಂದ ಹಾರ್ನ್ ಹೊಡ್ದು ಹೋಯ್ತ್ರಿ. ನಾ ಒಳಗಿಂದೇ ಕೈ ಎತ್ತೀನಿ, ನಿಮಗ ಕಂಡಿಲ್ಲ. ಇದು ಬೇಶ್ ಅದ. ನಿಲ್ತದ.”

ಹದಿನಾಲ್ಕು ವರ್ಷದ ನನ್ನ ಪುಸ್ತಕದಲ್ಲಿ ಜನವಾಡ ಎಂಬ ಹೆಸರು ಒಮ್ಮೆಯೂ ಇಲ್ಲ; ಅಲ್ಲಿ ನನ್ನ ಗಾಡಿ ಪಂಚರ್ ಕೂಡ ಆಗಿರಲಿಲ್ಲ. ಊಟ ಮಾಡದೆ ಏಳುವಂತಿರಲಿಲ್ಲ. ಖಡಕ್ ರೊಟ್ಟಿ, ಪುಂಡಿಪಲ್ಯ, ಶೇಂಗಾ ಹಿಂಡಿ, ಮೇಲೆ ಗೋಧಿ ಹುಗ್ಗಿ. ಬ್ಯಾಟರಿಗಿಂತ ಮೊದಲು ನಾನೇ ತುಂಬಿದೆ. ಹೊರಡುವಾಗ ಗುರಪ್ಪನವರ ಹೆಂಡತಿ ಡಿಕ್ಕಿಯಲ್ಲಿ ಹೊಸ ತೊಗರಿಬೇಳೆಯ ಚೀಲ, ಒಂದು ಗಂಟು ಶೇಂಗಾ, ಕೂಸಿನಷ್ಟು ದೊಡ್ಡ ಕುಂಬಳಕಾಯಿ ಇಟ್ಟರು.

ಮನೆಗೆ ಬಂದು ಲೆಕ್ಕಕ್ಕೆ ಕುಳಿತೆವು. ಬೆಳಿಗ್ಗೆ ಮನೆಯಲ್ಲಿ ತುಂಬಿಸಿದ ಕರೆಂಟು ನೂರು ಚಿಲ್ಲರೆ. ಆಸೆ ಬಿಡದೆ, ಮಾವನ ಮನೆಗೆ ಬರಿಗೈಯಲ್ಲಿ ಹೋಗಬಾರದೆಂದು ಜನವಾಡದಲ್ಲಿ ಕೊಂಡಿದ್ದ ಪೇಢೆಯನ್ನೂ ಗಾಡಿಯ ಖರ್ಚಿಗೇ ಸೇರಿಸಿದೆ. ಸುವರ್ಣಾ ತಕರಾರು ಮಾಡಲಿಲ್ಲ. ಎದುರಿನ ಪುಟಕ್ಕೆ ಬೆರಳಿಟ್ಟು ಹೇಳಿದಳು:

“ಈ ಕಡಿ ಬೇಳಿ ಬರೀರಿ. ಶೇಂಗಾ ಬರೀರಿ. ಕುಂಬಳಕಾಯಿ ಯಾಕ ಬಿಟ್ಟೀರಿ?”

ಬರೆದು ಕೂಡಿಸಿದರೆ, ಆ ಗಾಡಿ ಖರ್ಚು ಮಾಡಿದ್ದಕ್ಕಿಂತ ಹೆಚ್ಚು ಗಳಿಸಿ ತಂದಿತ್ತು. ನನ್ನ ಹಳೆಯ ಕಾರನ್ನು ಔರಾದಿನ ಮಾಸ್ತರರೊಬ್ಬರು ಕೊಂಡರು. ಜೊತೆಗೆ ನೋಟುಪುಸ್ತಕವನ್ನೂ ಕೊಡಹೋದೆ. ಗಾಡಿಯಷ್ಟೇ ಸಾಕು ಎಂದು ಕೈಮುಗಿದರು.

ಮೊನ್ನೆ ಮತ್ತೆ ಔರಾದಿಗೆ ಹೊರಟಿದ್ದೆವು. ಜನವಾಡ ಬಂತು. ಬ್ಯಾಟರಿ ಯಾಕೋ ಕಡಿಮೆ ಕಾಣುತ್ತಿದೆ ಎಂದು ಗಂಭೀರವಾಗಿ ಹೇಳಿ ಇಂಡಿಕೇಟರ್ ಹಾಕಿದೆ. ಸುವರ್ಣಾ ಪರದೆಗೆ ಬಗ್ಗಿ ನೋಡಿದಳು.

“ತೊಂಬತ್ತು ಅದ ಅಲ್ರಿ.”

“ನೂರಕ್ಕ ಹತ್ತು ಕಮ್ಮಿನೇ ಆತಲ್ಲ,” ಎಂದು ನಾನು ಮಾವನ ಅಂಗಳಕ್ಕೆ ಗಾಡಿ ತಿರುಗಿಸಿದೆ.